ಪ್ಯಾನಿಕ್ ನೋಟಿಫೈಯರ್ ಒಳಗೆ ಸ್ಪಿನ್‌ಲಾಕ್ ಹಿಡಿದರೆ ಮಷಿನ್ ಅಲ್ಲೇ ನಿಂತುಬಿಡುತ್ತದೆ, ಕೆಡಂಪ್ ಶುರುವಾಗುವುದೇ ಇಲ್ಲ. ಯಾಕೆ?

ಬೈಟುಕಾಫಿ:

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಇನ್ನು ನನ್ನಿಂದಾಗದು, ಕೇಳಿಯೇ ಬಿಡೋಣ ಅಂತ ಬಂದೆ.

ನಮ್ಮದೊಂದು ಪಿಸಿಐಇ ಕಾರ್ಡ್ ಇದೆ. ಅದರ ಲಿನಕ್ಸ್ ಡ್ರೈವರ್ ನೋಡಿಕೊಳ್ಳುವುದು ನನ್ನ ಕೆಲಸ (ಮೇನ್‌ಲೈನ್‌ನಲ್ಲಿ ಇಲ್ಲ, ಹೊರಗಿನ ಮಾಡ್ಯೂಲ್). ಕರ್ನಲ್ ಪ್ಯಾನಿಕ್ ಆದಾಗ (ಅಂದರೆ ಕರ್ನಲ್ಲೇ ಮುಂದುವರಿಯಲಾರದೆ ಕೈಚೆಲ್ಲಿದಾಗ) ಕಾರ್ಡಿನ ಫರ್ಮ್‌ವೇರ್ ಲಾಗ್ ಕೂಡ ಕೈಗೆ ಸಿಗಲಿ ಅಂತ ಒಂದು ಪ್ಯಾನಿಕ್ ನೋಟಿಫೈಯರ್ (ಪ್ಯಾನಿಕ್ ಹೊತ್ತಿನಲ್ಲಿ ಕರ್ನಲ್ ಕರೆಯುವ ಫಂಕ್ಷನ್) ಬರೆದೆ. ಅದು ಮಾಡುವುದು ಇಷ್ಟೇ: ಡ್ರೈವರಿನ ಸ್ಪಿನ್‌ಲಾಕ್ (ಒಬ್ಬರ ಕೈಯಲ್ಲಿದ್ದರೆ ಮಿಕ್ಕವರು ಸುತ್ತುತ್ತಾ ಕಾಯುವ ಲಾಕ್) ಹಿಡಿಯುತ್ತದೆ, ಕಾರ್ಡಿನ ಮೇಲ್‌ಬಾಕ್ಸ್‌ನಿಂದ ಲಾಗ್ ಓದುತ್ತದೆ, ಮೊದಲೇ ತೆಗೆದಿಟ್ಟ ಬಫರಿಗೆ ತುಂಬುತ್ತದೆ, ಲಾಕ್ ಬಿಡುತ್ತದೆ. ಕೆಡಂಪ್ (ಪ್ಯಾನಿಕ್ ಆದಾಗ ಎರಡನೇ ಕರ್ನಲ್ ಎಬ್ಬಿಸಿ ಮೆಮೊರಿಯನ್ನು ಫೈಲಿಗೆ ಉಳಿಸುವ ಏರ್ಪಾಡು) ಲೋಡ್ ಆಗಿದ್ದರೆ ನೋಟಿಫೈಯರ್‌ಗಳು ಓಡುವುದೇ ಇಲ್ಲ ಅಂತ ತಡವಾಗಿ ಗೊತ್ತಾಯಿತು. ಹಾಗಾಗಿ ಬೂಟ್ ಲೈನಿನಲ್ಲಿ ಕ್ರ್ಯಾಶ್_ಕೆಕ್ಸೆಕ್_ಪೋಸ್ಟ್_ನೋಟಿಫೈಯರ್ಸ್ (ಮೊದಲು ನೋಟಿಫೈಯರ್‌ಗಳು, ಆಮೇಲೆ ಕೆಡಂಪ್ ಅನ್ನುವ ಆಯ್ಕೆ) ಅನ್ನೂ ಹಾಕಿದ್ದೇನೆ.

ಟೆಸ್ಟ್ ಮಾಡುವುದು ಸಿಸ್‌ಆರ್‌ಕ್ಯೂ ಟ್ರಿಗರಿಗೆ ಸಿ ಬರೆದು (ಬೇಕಂತಲೇ ಪ್ಯಾನಿಕ್ ಮಾಡಿಸುವ ದಾರಿ). 32 ಕೋರಿನ ಎಕ್ಸ್86 ಸರ್ವರ್. ಮಷಿನ್ ಸುಮ್ನೆ ಕೂತಿದ್ದಾಗ ಪ್ರತಿ ಸಲವೂ ಡಂಪ್ ಬರುತ್ತದೆ. ಕಾರ್ಡಿನ ಮೇಲೆ ಲೋಡ್ ಇದ್ದರೆ ಮಾತ್ರ ಹತ್ತು ಸಲದಲ್ಲಿ ಮೂರು-ನಾಲ್ಕು ಸಲ ಹ್ಯಾಂಗ್. ಸೀರಿಯಲ್ ಕನ್ಸೋಲಿನಲ್ಲಿ ಕೊನೆಗೆ ಕಾಣುವುದು ನನ್ನದೇ "ನೋಟಿಫೈಯರ್ ಶುರು" ಅನ್ನುವ ಸಾಲು. ಆಮೇಲೆ ಏನೂ ಇಲ್ಲ. ಸಿಕ್ಕಿಹಾಕಿಕೊಂಡ ಸಿಪಿಯು ಪತ್ತೆ ಮಾಡುವ ಹಾರ್ಡ್ ಲಾಕಪ್ ಡಿಟೆಕ್ಟರ್ ಕೂಡ ಬಾಯಿ ಬಿಡುವುದಿಲ್ಲ. ಪವರ್ ತೆಗೆದು ಹಾಕಬೇಕು.

ಟೀಮಿನಲ್ಲಿ ಒಬ್ಬರು ಹೇಳಿದರು, ಬೇರೆ ಥ್ರೆಡ್‌ಗಳು ಕೆಲಸ ಮುಗಿಸುವವರೆಗೆ ಕಂಪ್ಲೀಷನ್ (ಇನ್ನೊಬ್ಬರು ಎಬ್ಬಿಸುವವರೆಗೆ ಮಲಗಿ ಕಾಯುವ ವ್ಯವಸ್ಥೆ) ಇಟ್ಟು ಕಾಯಿ ಅಂತ. ಪ್ರೊಸೆಸ್ ಕೋರ್ ಡಂಪ್ ಮಾಡುವಾಗ ಕರ್ನಲ್ ಎಲ್ಲ ಥ್ರೆಡ್‌ಗಳನ್ನೂ ನೀಟಾಗಿ ನಿಲ್ಲಿಸಿಕೊಂಡು ಬರೆಯುತ್ತದಲ್ವಾ, ಹಾಗೆ ಇಲ್ಲೂ ಮಾಡಲು ಆಗುವುದಿಲ್ವಾ?

ಹಳೇಕರ್ನಲ್:

ನೀವು ಹಾಕಿದ ಆಯ್ಕೆಯೇ ನಿಮಗೆ ಮುಳುವಾಗಿದೆ. ಪ್ಯಾನಿಕ್ ಒಳಗೆ ಯಾವುದಾದ ಮೇಲೆ ಯಾವುದು ನಡೆಯುತ್ತದೆ ಅಂತ ಒಮ್ಮೆ ನೋಡಿ.

ಮೊದಲು ಪ್ಯಾನಿಕ್ ಆದ ಸಿಪಿಯು ತನ್ನ ಇಂಟರಪ್ಟ್ ಮುಚ್ಚಿಕೊಳ್ಳುತ್ತದೆ. ಆಮೇಲೆ ಪ್ಯಾನಿಕ್_ಸಿಪಿಯು ಅನ್ನುವ ಒಂದು ಅಟಾಮಿಕ್ (ಬರೆಯುವಾಗ ಮಧ್ಯೆ ಯಾರೂ ನುಗ್ಗಲಾಗದ) ವೇರಿಯಬಲ್‌ನಲ್ಲಿ ತನ್ನ ನಂಬರ್ ಬರೆಯಲು ನೋಡುತ್ತದೆ. ಯಾರು ಮೊದಲು ಬರೆದರೋ ಅವರದೇ ಯಜಮಾನಿಕೆ. ಅದೇ ಹೊತ್ತಿಗೆ ಇನ್ನೊಂದು ಸಿಪಿಯು ಕೂಡ ಪ್ಯಾನಿಕ್ ಆಗಿ ಅಲ್ಲಿಗೆ ಬಂದರೆ, ಜಾಗ ಹೋಗಿದೆ ಅಂತ ತಿಳಿದು ತನ್ನಷ್ಟಕ್ಕೆ ಸುತ್ತುತ್ತಾ ನಿಲ್ಲುತ್ತದೆ. ಲಾಕಿಗೆ ಕಾಯುವ ಮಾತೇ ಇಲ್ಲ, ಒಂದು ಕಂಪೇರ್-ಎಕ್ಸ್‌ಚೇಂಜ್ ಅಷ್ಟೇ. ಈ ಏರ್ಪಾಡು ಕರ್ನಲ್ 4.5ರಿಂದ ಇದೆ.

ಇಲ್ಲಿಂದ ದಾರಿ ಎರಡಾಗುತ್ತದೆ. ನಿಮ್ಮ ಆಯ್ಕೆ ಇಲ್ಲದಿದ್ದರೆ ನೇರವಾಗಿ ಕ್ರ್ಯಾಶ್ ಕೆಕ್ಸೆಕ್, ಅಂದರೆ ಉಳಿದ ಸಿಪಿಯುಗಳನ್ನು ನಿಲ್ಲಿಸಿ ಎರಡನೇ ಕರ್ನಲ್‌ಗೆ ಜಿಗಿತ. ನೋಟಿಫೈಯರಿನ ಸರದಿ ಬರುವುದೇ ಇಲ್ಲ. ಆಯ್ಕೆ ಇದ್ದರೆ ಮೊದಲು ಉಳಿದ 31 ಸಿಪಿಯುಗಳನ್ನು ನಿಲ್ಲಿಸಿ, ಆಮೇಲೆ ನೋಟಿಫೈಯರ್‌ಗಳು, ಅದಾದ ಮೇಲೆ ಕೆಕ್ಸೆಕ್. ನಿಮ್ಮ ಕೋಡ್ ಓಡುವ ಹೊತ್ತಿಗೆ ಮಿಕ್ಕವರೆಲ್ಲ ಕಲ್ಲಾಗಿರುತ್ತಾರೆ. ಅಹಲ್ಯೆಯ ಹಾಗೆ. ಅದರಲ್ಲಿ ಒಬ್ಬ ನಿಮ್ಮ ಲಾಕ್ ಹಿಡಿದುಕೊಂಡೇ ಕಲ್ಲಾಗಿದ್ದರೆ, ಹೊರಗೆ ನಿಂತು ನೀವು ಎಷ್ಟು ಹೊತ್ತು ಬಾಗಿಲು ಬಡಿದರೂ ತೆಗೆಯುವವರಿಲ್ಲ. ಇಲ್ಲಿ ರಾಮನೂ ಬರುವುದಿಲ್ಲ, ರೀಬೂಟ್ ಬರುತ್ತದೆ.

ನಿಲ್ಲಿಸುವ ರೀತಿಯೂ ಒರಟು. ಎಕ್ಸ್86ನಲ್ಲಿ ಪ್ಯಾನಿಕ್ ಆದ ಸಿಪಿಯು ಉಳಿದವರಿಗೆಲ್ಲ ಎನ್‌ಎಂಐ (ಮುಚ್ಚಿಕೊಳ್ಳಲಾಗದ ಇಂಟರಪ್ಟ್) ಕಳಿಸುತ್ತದೆ. ಇಂಟರಪ್ಟ್ ಮುಚ್ಚಿಕೊಂಡು ಲಾಕ್ ಒಳಗೆ ಕೂತವನನ್ನೂ ಎನ್‌ಎಂಐ ಎಬ್ಬಿಸುತ್ತದೆ. "ನಿನ್ನ ಕೆಲಸ ಮುಗೀತಾ" ಅಂತ ಯಾರೂ ಕೇಳುವುದಿಲ್ಲ. ಪ್ರತಿ ಸಿಪಿಯು ತನ್ನ ರಿಜಿಸ್ಟರ್‌ಗಳನ್ನು ಕ್ರ್ಯಾಶ್ ನೋಟ್ಸ್‌ನಲ್ಲಿ ಬರೆದಿಟ್ಟು, ವರ್ಚುಯಲೈಸೇಷನ್ ಆನ್ ಇದ್ದರೆ ಆರಿಸಿ, ತನ್ನ ಎಪಿಕ್ (ಇಂಟರಪ್ಟ್ ಕಂಟ್ರೋಲರ್) ಮುಚ್ಚಿ, ಒಂದು ಕೌಂಟರಿನಿಂದ ಒಂದು ಕಳೆದು ಹಾಲ್ಟ್ ಆಗುತ್ತದೆ. ಯಜಮಾನ ಸಿಪಿಯು ಆ ಕೌಂಟರ್ ಸೊನ್ನೆ ಆಗುವವರೆಗೆ ಕಾಯುತ್ತದೆ, ಆದರೆ ಒಂದೊಂದು ಮಿಲಿಸೆಕೆಂಡಿನ ಹಾಗೆ 1000 ಸಲ ಮಾತ್ರ. ಒಂದು ಸೆಕೆಂಡ್ ಮುಗಿಯಿತಾ, ಯಾರು ಬಂದರು ಯಾರು ಬಿಟ್ಟರು ಅಂತ ನೋಡದೆ ಮುಂದಕ್ಕೆ ಹೋಗುತ್ತದೆ. ಇಡೀ ದಾರಿಯಲ್ಲಿ ಇರುವ ಸಿಂಕ್ರನೈಸೇಷನ್ ಅಂದರೆ ಹೆಚ್ಚುಕಡಿಮೆ ಇದೇ: ಒಂದು ಅಟಾಮಿಕ್, ಒಂದು ಎನ್‌ಎಂಐ, ಒಂದು ಕೌಂಟರ್, ಒಂದು ಗಡುವು.

ಕೆಕ್ಸೆಕ್‌ನ ಒಳಗೂ ಮೊದಲು ಮ್ಯೂಟೆಕ್ಸ್ ಅನ್ನುವ ಲಾಕಿನ ಟ್ರೈಲಾಕ್ (ಸಿಕ್ಕರೆ ಹಿಡಿ, ಇಲ್ಲದಿದ್ದರೆ ಕಾಯದೆ ವಾಪಸ್) ಇತ್ತು. ಎನ್‌ಎಂಐ ಒಳಗಿನಿಂದ ಪ್ಯಾನಿಕ್ ಆದರೆ ಅದೂ ಸುರಕ್ಷಿತವಲ್ಲ ಅಂತ 2022ರಲ್ಲಿ ತೆಗೆದು ಬರೀ ಅಟಾಮಿಕ್ ಮಾಡಿದರು. ಟ್ರೈಲಾಕನ್ನೇ ನಂಬದ ಜಾಗದಲ್ಲಿ ನೀವು ಪೂರ್ತಿ ಲಾಕ್ ಹಿಡಿಯಲು ಹೊರಟಿದ್ದೀರಿ.

ಲಾಕಪ್ ಡಿಟೆಕ್ಟರ್ ಯಾಕೆ ಸುಮ್ಮನಿತ್ತು ಅಂದರೆ, ನೀವು ಸಿಕ್ಕಿಹಾಕಿಕೊಂಡಿರುವುದು ಪ್ಯಾನಿಕ್ ನಡೆಸುತ್ತಿರುವ ಸಿಪಿಯುನಲ್ಲೇ. ಅಲ್ಲಿಗೇ ಎನ್‌ಎಂಐ ಬಂದು ಪ್ಯಾನಿಕ್ ಮಾಡಲು ನೋಡಿದರೂ, "ಇಲ್ಲಿ ಆಗಲೇ ಪ್ಯಾನಿಕ್ ನಡೆಯುತ್ತಿದೆ, ಅದೇ ಮುಂದುವರಿಯಲಿ" ಅಂತ ವಾಪಸ್ ಹೋಗುತ್ತದೆ. ಮುಂದುವರಿಯುವುದಕ್ಕೆ ಏನೂ ಉಳಿದಿರುವುದಿಲ್ಲ ಅನ್ನುವುದು ಬೇರೆ ಮಾತು.

ಸದ್ಯಕ್ಕೆ ಸ್ಪಿನ್ ಟ್ರೈಲಾಕ್ ಹಾಕಿ. ಸಿಗದಿದ್ದರೆ ಲಾಗ್ ಬಿಟ್ಟು ಹೊರಗೆ ಬನ್ನಿ. ಡಂಪಿಗಿಂತ ನಿಮ್ಮ ಫರ್ಮ್‌ವೇರ್ ಲಾಗ್ ದೊಡ್ಡದಲ್ಲ.

ಬೈಟುಕಾಫಿ:

ಸರ್, ತುಂಬಾ ಥ್ಯಾಂಕ್ಸ್. ಒಂದು ಮಾತ್ರ ಇನ್ನೂ ತಲೆಗೆ ಹತ್ತಲಿಲ್ಲ. ನಿಲ್ಲಿಸುವುದಕ್ಕೆ ಮೊದಲೇ ಒಂದಿಷ್ಟು ಹೊತ್ತು ಬಿಟ್ಟರೆ ಅವರೇ ಲಾಕ್ ಬಿಡುತ್ತಾರಲ್ವಾ? ಸ್ಪಿನ್‌ಲಾಕ್ ಅಂದ ಮೇಲೆ ಹೆಚ್ಚೆಂದರೆ ಮೈಕ್ರೋಸೆಕೆಂಡುಗಳ ಲೆಕ್ಕ.

ಹಳೇಕರ್ನಲ್:

ಬಿಡುತ್ತಾರೆ ಅಂತ ಯಾರು ಹೇಳಿದ್ದು? ಲಾಕ್ ಹಿಡಿದ ಥ್ರೆಡ್ಡೇ ಪ್ಯಾನಿಕ್ ಆಗಿರಬಹುದು. ನಿಮ್ಮ ಡ್ರೈವರ್ ಲಾಕ್ ಒಳಗಿದ್ದಾಗ ನಲ್ ಪಾಯಿಂಟರ್ ಮುಟ್ಟಿತು, ಪ್ಯಾನಿಕ್, ನೋಟಿಫೈಯರ್, ಮತ್ತೆ ಅದೇ ಲಾಕ್. ತನ್ನನ್ನು ತಾನೇ ಕಾಯುವುದು. ಸಿಸ್‌ಆರ್‌ಕ್ಯೂ ಟೆಸ್ಟಿನಲ್ಲಿ ಇದು ಯಾವತ್ತೂ ಕಾಣುವುದಿಲ್ಲ, ಏಕೆಂದರೆ ಅಲ್ಲಿ ಪ್ಯಾನಿಕ್ ಆಗುವವನ ಕೈಯಲ್ಲಿ ನಿಮ್ಮ ಲಾಕ್ ಇರುವುದಿಲ್ಲ. ಹೊರಗೆ ಗ್ರಾಹಕರ ಮಷಿನ್ನಿನಲ್ಲಿ ಕಾಣುತ್ತದೆ.

ಇನ್ನೊಂದು, ನೀವು ಬಿಡುವ ಆ ಹೊತ್ತಿನಲ್ಲಿ ಉಳಿದ ಸಿಪಿಯುಗಳು ಕೆಟ್ಟ ಮೆಮೊರಿಯನ್ನೇ ನಂಬಿ ಡಿಸ್ಕಿಗೆ ಬರೆಯುತ್ತಿರುತ್ತವೆ. ಪ್ಯಾನಿಕ್ ಅಂದರೇ ಈ ಕರ್ನಲ್ ಮೇಲೆ ಇನ್ನು ನಂಬಿಕೆ ಇಲ್ಲ ಅಂತ. ಆದಷ್ಟು ಬೇಗ ಎಲ್ಲರ ಕೈ ಹಿಡಿದು ನಿಲ್ಲಿಸಬೇಕು.

ಎರಡನೇ ಕರ್ನಲ್ ಇರುವುದೂ ಇದಕ್ಕೇ. ಕೆಡಂಪ್ ಬರುವ ಮೊದಲು ಎಲ್‌ಕೆಸಿಡಿ ಅಂತ ಇತ್ತು, ಸತ್ತ ಕರ್ನಲ್ಲೇ ತನ್ನ ಡಿಸ್ಕ್ ಡ್ರೈವರ್ ಹಿಡಿದು ತನ್ನ ಡಂಪ್ ಬರೆಯಬೇಕಿತ್ತು. ಆ ಡ್ರೈವರಿನ ಲಾಕ್ ಯಾರದೋ ಕೈಯಲ್ಲಿದ್ದರೆ ಕಥೆ ಮುಗಿಯಿತು. 2005ರಲ್ಲಿ 2.6.13ಕ್ಕೆ ಕೆಡಂಪ್ ಸೇರಿತು. ಹೊಸ ಕರ್ನಲ್, ಹೊಸ ಲಾಕ್‌ಗಳು, ಹಳೆಯದರ ಸಹವಾಸವೇ ಬೇಡ. (ಅದನ್ನು ಬರೆದವರಲ್ಲಿ ಕೆಲವರು ಐಬಿಎಂನ ಬೆಂಗಳೂರು ಲ್ಯಾಬಿನವರು. ನಮ್ಮೂರಲ್ಲಿ ಕೂತು ಬರೆದದ್ದು ಅಂತ ನೆನೆದರೆ ನನಗೆ ಈಗಲೂ ಖುಷಿ.) ಪೋಸ್ಟ್ ನೋಟಿಫೈಯರ್ಸ್ ಆಯ್ಕೆ ಹಾಕಿದರೆ ಬಿಟ್ಟುಬಂದ ಆ ಸಹವಾಸವನ್ನು ಮತ್ತೆ ಮನೆಗೆ ಕರೆದ ಹಾಗೆ.

ಕೋಡುಬಳೆ64:

ಕೋರ್ ಡಂಪಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಹೇಳುತ್ತೇನೆ.

ಅಲ್ಲಿ ಸತ್ತಿರುವುದು ಒಂದು ಪ್ರೊಸೆಸ್. ಕರ್ನಲ್ ಗಟ್ಟಿಯಾಗಿದೆ, ಷೆಡ್ಯೂಲರ್ ಓಡುತ್ತಿದೆ. ಮೊದಲು ಬಂದ ಥ್ರೆಡ್ ಡಂಪ್ ಬರೆಯುವ ಜವಾಬ್ದಾರಿ ಹೊರುತ್ತದೆ, ಉಳಿದ ಥ್ರೆಡ್‌ಗಳಿಗೆ ಸಿಗ್‌ಕಿಲ್ ಕಳಿಸುತ್ತದೆ, ಕಂಪ್ಲೀಷನ್ ಮೇಲೆ ಮಲಗುತ್ತದೆ. ಸಿಗ್‌ಕಿಲ್ ತಿಂದವರು ಸಾಯುವ ದಾರಿಯಲ್ಲಿ ಲೆಕ್ಕ ಒಪ್ಪಿಸುತ್ತಾರೆ, ಕೊನೆಯವನು ಡಂಪ್ ಬರೆಯುವವನನ್ನು ಎಬ್ಬಿಸುತ್ತಾನೆ. ಆದರೂ ಇವರು ಪೂರ್ತಿ ಸಾಯುವುದಿಲ್ಲ. ತಮ್ಮ ರಿಜಿಸ್ಟರ್‌ಗಳು ಫೈಲಿಗೆ ಹೋಗುವವರೆಗೆ ಅಲ್ಲೇ ಮಲಗಿರುತ್ತಾರೆ. ಎಲ್ಲ ಬರೆದಾದ ಮೇಲೆ ಬಿಡುಗಡೆ.

ಅಲ್ಲಿ ಗಡುವು ಇಲ್ಲ ನೋಡಿ. ಒಂದು ಥ್ರೆಡ್ ಡಿ ಸ್ಟೇಟಿನಲ್ಲಿ (ಸಿಗ್ನಲ್‌ಗೂ ಏಳದ ನಿದ್ದೆ) ಎನ್‌ಎಫ್‌ಎಸ್ ಅನ್ನುವ ನೆಟ್‌ವರ್ಕ್ ಫೈಲ್ ಸಿಸ್ಟಂ ಮೇಲೆ ನೇತಾಡುತ್ತಿದ್ದರೆ ಡಂಪೂ ಅಷ್ಟೇ ಹೊತ್ತು ಕಾಯುತ್ತದೆ. ಹಾಗೆ ಕಾಯಬಹುದು, ಏಕೆಂದರೆ ಮಷಿನ್ ಬದುಕಿದೆ. ಪ್ಯಾನಿಕ್‌ನಲ್ಲಿ ಕಂಪ್ಲೀಷನ್ ಮೇಲೆ ಮಲಗಿದರೆ ನಿಮ್ಮನ್ನು ಎಬ್ಬಿಸುವವರು ಯಾರು? ಷೆಡ್ಯೂಲರನ್ನು ಮತ್ತೆ ಕರೆಯುವ ಹಾಗೇ ಇಲ್ಲ.

ರಾತ್ರಿಪಾಳಿ:

ಎಕ್ಸ್86ನವರು ಪುಣ್ಯವಂತರು. ನಾನು ಎಆರ್‌ಎಂ64 ಬೋರ್ಡಿನಲ್ಲಿ ಅನುಭವಿಸಿದ್ದನ್ನು ಹೇಳುತ್ತೇನೆ.

ಅಲ್ಲಿ ಕ್ರ್ಯಾಶ್ ಸ್ಟಾಪ್ ಅಂತ ಹೋಗುವುದು ಮಾಮೂಲಿ ಐಪಿಐ (ಒಂದು ಸಿಪಿಯು ಇನ್ನೊಂದಕ್ಕೆ ಕಳಿಸುವ ಇಂಟರಪ್ಟ್). ಯಾವ ಸಿಪಿಯು ಇಂಟರಪ್ಟ್ ಮುಚ್ಚಿಕೊಂಡು ಸುತ್ತುತ್ತಿದೆಯೋ ಅದಕ್ಕೆ ಕೇಳಿಸುವುದೇ ಇಲ್ಲ. ಒಂದು ಸೆಕೆಂಡ್ ಕಾದು, ಬೇರೆ ಸಿಪಿಯುಗಳನ್ನು ನಿಲ್ಲಿಸಲಾಗಲಿಲ್ಲ ಅಂತ ಒಂದು ಸಾಲು ಛಾಪಿಸಿ ಮುಂದೆ ಹೋಗುತ್ತದೆ. ಡಂಪ್ ಸಿಕ್ಕಿತು, ಖುಷಿಯಾಗಿ ತೆರೆದೆ. ಏಳು ಸಿಪಿಯುಗಳ ರಿಜಿಸ್ಟರ್ ಇದೆ, ಎಂಟನೆಯದು ಖಾಲಿ. ನನಗೆ ಬೇಕಿದ್ದದ್ದು ಆ ಎಂಟನೆಯದೇ! ಕಳ್ಳನನ್ನು ಬಿಟ್ಟು ಊರವರ ಸಾಕ್ಷಿ ಎಲ್ಲ ಬರೆದುಕೊಂಡ ಹಾಗಾಯಿತು. ಆಮೇಲೆ ಜಿಐಸಿವಿ3 ಅನ್ನುವ ಇಂಟರಪ್ಟ್ ಕಂಟ್ರೋಲರಿನ ಸ್ಯೂಡೊ ಎನ್‌ಎಂಐ ಬೂಟ್ ಆಯ್ಕೆ ಹಾಕಿದೆ. ಈಚಿನ ಕರ್ನಲ್‌ಗಳಲ್ಲಿ ಅದು ಆನ್ ಇದ್ದರೆ ನಿಲ್ಲಿಸುವ ಐಪಿಐಯೂ ಎನ್‌ಎಂಐ ತರ ಹೋಗುತ್ತದೆ. ಹಳೇ ಕರ್ನಲ್ ಇದ್ದರೆ ಅದೂ ಇಲ್ಲ.

ಎಕ್ಸ್86ನಲ್ಲೂ ಒಂದು ಮೂಲೆ ಇದೆ. ಒಂದು ಸಿಪಿಯು ಎನ್‌ಎಂಐ ಹ್ಯಾಂಡ್ಲರ್ ಒಳಗೇ ಇದ್ದರೆ, ಅದು ವಾಪಸ್ ಹೋಗುವವರೆಗೆ ಎರಡನೇ ಎನ್‌ಎಂಐ ಒಳಗೆ ಬರುವುದಿಲ್ಲ. ಎರಡು ಸಿಪಿಯುಗಳಲ್ಲಿ ಒಟ್ಟಿಗೇ ಎನ್‌ಎಂಐ ಬಂದು ಎರಡೂ ಪ್ಯಾನಿಕ್ ಮಾಡಲು ಹೋದರೆ ಸೋತವನು ಆ ಹ್ಯಾಂಡ್ಲರ್ ಒಳಗೇ ನಿಂತಿರುತ್ತಾನೆ, ಅವನ ರಿಜಿಸ್ಟರ್ ಸಿಗುವುದು ಹೇಗೆ? ಅದಕ್ಕೆ ಅವನು ಸುಮ್ನೆ ಸುತ್ತುವುದಿಲ್ಲ, ಕ್ರ್ಯಾಶ್ ಐಪಿಐ ಹೊರಟಿತಾ ಅಂತ ಫ್ಲ್ಯಾಗ್ ನೋಡುತ್ತಾ ಸುತ್ತುತ್ತಾನೆ. ಹೊರಟಿದ್ದರೆ ಕರೆಯದೆಯೇ ತಾನೇ ಹೋಗಿ ರಿಜಿಸ್ಟರ್ ಬರೆಯುತ್ತಾನೆ. ಈ ಕೋಡ್ ಮೊದಲ ಸಲ ಓದಿದಾಗ ಯಾಕಪ್ಪಾ ಇದು ಅಂತ ಅರ್ಧ ದಿನ ಕೂತಿದ್ದೆ.

ನಿಲ್ಲದೇ ಉಳಿದ ಸಿಪಿಯು ಆಗಲಿ, ಇನ್ನೂ ನಡೆಯುತ್ತಿರುವ ಡಿಎಂಎ (ಸಾಧನಗಳು ನೇರವಾಗಿ ಮೆಮೊರಿಗೆ ಬರೆಯುವುದು) ಆಗಲಿ ಹೊಸ ಕರ್ನಲ್ ಮೇಲೆ ಬರೆದುಬಿಟ್ಟರೆ ಅನ್ನುವ ಭಯ ಇರುತ್ತದಲ್ಲ, ಕ್ರ್ಯಾಶ್‌ಕರ್ನಲ್ ಅಂತ 256 ಎಂಬಿಯೋ ಎಷ್ಟೋ ಬೂಟ್ ಆಗುವಾಗಲೇ ಬೇರೆ ಎತ್ತಿಡುವುದು ಆ ಕಾರಣಕ್ಕೂ ಹೌದು. ಹಳೆಯವರಿಗೆ ಆ ಜಾಗದ ವಿಳಾಸವನ್ನೇ ಕೊಟ್ಟಿರುವುದಿಲ್ಲ.

ಡೀಮನ್_ದಾಸ:

ಫ್ರೀಬಿಎಸ್‌ಡಿಯಲ್ಲಿ ಇಷ್ಟೆಲ್ಲ ರಗಳೆ ಇಲ್ಲ. ಪ್ಯಾನಿಕ್ ಆದರೆ ಉಳಿದ ಸಿಪಿಯುಗಳನ್ನು ನಿಲ್ಲಿಸಿ, ಷೆಡ್ಯೂಲರ್ ನಿಂತಿದೆ ಅಂತ ಗುರುತು ಹಾಕುತ್ತಾರೆ. ಅಲ್ಲಿಂದ ಮುಂದೆ ಮ್ಯೂಟೆಕ್ಸ್ ಹಿಡಿಯಲು ಹೋದರೆ ಹಿಡಿದೆ ಅಂತಲೇ ವಾಪಸ್ ಬರುತ್ತದೆ. ಓಡುತ್ತಿರುವುದು ಒಂದೇ ಥ್ರೆಡ್ ಅಂದ ಮೇಲೆ ಲಾಕ್ ಯಾಕೆ? ಲಿನಕ್ಸ್ ಯಾಕೆ ಹಾಗೆ ಮಾಡಬಾರದು?

ಹಳೇಕರ್ನಲ್:

ಹ್ಯಾಂಗ್ ಆಗುವುದಿಲ್ಲ, ನಿಜ. ಆದರೆ ಲಾಕ್ ಇದ್ದದ್ದು ಯಾಕೆ? ಒಳಗಿನ ಡೇಟಾ ಅರ್ಧಕ್ಕೆ ಬದಲಾಗಿರಬಹುದು ಅಂತ ತಾನೆ. ಲಾಕ್ ಮಾಯ ಮಾಡಿದರೆ ಆ ಅರ್ಧ ಮಾಯವಾಗುವುದಿಲ್ಲ. ಲಿಂಕ್ಡ್ ಲಿಸ್ಟಿಗೆ ಒಬ್ಬ ನೋಡ್ ಸೇರಿಸುತ್ತಿದ್ದಾಗ ಕಲ್ಲಾದ ಅಂದುಕೊಳ್ಳಿ, ನೀವು ಅದೇ ಲಿಸ್ಟ್ ಮೇಲೆ ನಡೆದು ಎಲ್ಲಿಗೆ ಹೋಗಿ ಬೀಳುತ್ತೀರೋ ಗೊತ್ತಿಲ್ಲ. ಫ್ರೀಬಿಎಸ್‌ಡಿಗೆ ಅದು ಬೇಕಾಗಿತ್ತು, ಅಲ್ಲಿ ಡಂಪ್ ಬರೆಯುವುದು ಸತ್ತ ಕರ್ನಲ್ಲೇ. ಸ್ವಾಪ್ ಜಾಗಕ್ಕೆ ಬರೆದು, ಮುಂದಿನ ಬೂಟಿನಲ್ಲಿ ಸೇವ್‌ಕೋರ್ ಎತ್ತಿಕೊಳ್ಳುತ್ತದೆ. ಹಾಗಾಗಿ ಲಾಕ್ ದಾಟಲೇಬೇಕು. ಲಿನಕ್ಸ್ ಆ ಕೆಲಸವನ್ನೇ ಹೊಸ ಕರ್ನಲ್‌ಗೆ ದಾಟಿಸಿಬಿಟ್ಟಿದೆ.

ಹಾಗಂತ ಲಿನಕ್ಸಿನಲ್ಲೂ ಅಲ್ಲಲ್ಲಿ ಇಂಥದ್ದು ಇದೆ. ಕ್ರ್ಯಾಶ್ ಲಾಗನ್ನು ರೀಬೂಟ್ ಆದ ಮೇಲೂ ಉಳಿಯುವ ಹಾಗೆ ಎತ್ತಿಡುವ ಪಿಸ್ಟೋರ್ ಪ್ಯಾನಿಕ್ ಹೊತ್ತಿನಲ್ಲಿ ಟ್ರೈಲಾಕ್ ಮಾತ್ರ ಮಾಡುತ್ತದೆ. ಕರ್ನಲ್ ಸಂದೇಶ ಛಾಪಿಸುವ ಪ್ರಿಂಟ್‌ಕೆ ಅಂತೂ ವರ್ಷಗಟ್ಟಲೆ ಲಾಗ್ ಬಫರಿನ ಲಾಕ್ ಜೊತೆ ಗುದ್ದಾಡಿ, 5.10ರಲ್ಲಿ ಲಾಕೇ ಬೇಡದ ರಿಂಗ್ ಬಫರಿಗೆ ಹೋಯಿತು.

ಬೈಟುಕಾಫಿ:

ಅಪ್‌ಡೇಟ್. ಟ್ರೈಲಾಕ್ ಹಾಕಿದೆ. ಸ್ಕ್ರಿಪ್ಟ್ ಬರೆದು ರಾತ್ರಿಯೆಲ್ಲ ಲೋಡ್ ಹಾಕಿ 60 ಸಲ ಕ್ರ್ಯಾಶ್ ಮಾಡಿಸಿದೆ. 59 ಡಂಪ್ ಬಂತು. ಒಂದು ಮತ್ತೆ ಹ್ಯಾಂಗ್! ಈ ಸಲ ಲಾಕ್ ಸಿಕ್ಕಿದೆ, ಪ್ರಿಂಟ್ ಹಾಕಿ ನೋಡಿದ್ದೇನೆ. ಮೇಲ್‌ಬಾಕ್ಸ್ ರೆಡಿ ಆಗುವುದನ್ನು ಕಾಯುವ ಲೂಪಿನಲ್ಲಿ ನಿಂತಿದೆ. ಆದರೆ ಅದಕ್ಕೆ 100 ಮಿಲಿಸೆಕೆಂಡಿನ ಟೈಮ್‌ಔಟ್ ಇದೆ, ಜಿಫೀಸ್ (ಕರ್ನಲ್ಲಿನ ಟಿಕ್ ಎಣಿಕೆ) ನೋಡಿಕೊಂಡು ಹೊರಗೆ ಬರುತ್ತದೆ. ಬರಬೇಕಿತ್ತು.

ರಾತ್ರಿಪಾಳಿ:

ಹಹಹ. ಜಿಫೀಸ್ ಯಾರು ಹೆಚ್ಚಿಸಬೇಕು? ಟೈಮರ್ ಇಂಟರಪ್ಟ್. ನಿಮ್ಮ ಸಿಪಿಯುನಲ್ಲಿ ಇಂಟರಪ್ಟ್ ಬಂದ್, ಉಳಿದ 31 ಹಾಲ್ಟ್. ಗಡಿಯಾರ ನಿಂತ ಮನೆಯಲ್ಲಿ ಕೂತು ಹತ್ತು ಗಂಟೆ ಆಗಲಿ ಅಂತ ಕಾಯುತ್ತಿದ್ದೀರಿ.

ಯುಡಿಲೇ (ಮಲಗದೆ ಸುತ್ತುತ್ತಲೇ ಕಾಯುವ ಫಂಕ್ಷನ್) ಹಾಕಿ ನೀವೇ ಎಣಿಸಿ. 10 ಮೈಕ್ರೋಸೆಕೆಂಡ್, 1000 ಸಲ, ಆಮೇಲೆ ಕೈ ಬಿಡಿ. ಮೇಲೆ ಹೇಳಿದ ಎನ್‌ಎಂಐ ಕಾಯುವ ಲೂಪೂ ಹೀಗೇ ಎಣಿಸುತ್ತದೆ, ಗಡಿಯಾರ ನೋಡುವುದಿಲ್ಲ. ಸಮಯ ಕೊಡುವ ಕೆಟೈಮ್_ಗೆಟ್ ಹಾಕೋಣ ಅಂತ ಹೋಗಬೇಡಿ, ಒಂದು ಸಿಪಿಯು ಟೈಮ್‌ಕೀಪಿಂಗ್ ಬದಲಾಯಿಸುತ್ತಿದ್ದಾಗಲೇ ನಿಂತಿದ್ದರೆ ಅದರ ಸೀಕ್ವೆನ್ಸ್ ಕೌಂಟರ್ ಬೆಸ ಸಂಖ್ಯೆಯಲ್ಲೇ (ಬದಲಾವಣೆ ಇನ್ನೂ ಮುಗಿದಿಲ್ಲ ಅನ್ನುವ ಗುರುತು) ಉಳಿದು ನೀವು ಅಲ್ಲೂ ಸುತ್ತುತ್ತೀರಿ.

ಹಳೇಕರ್ನಲ್:

ಇನ್ನೊಂದು ವಿಷಯ, ಮೊದಲ ದಿನದಿಂದ ಕೊರೆಯುತ್ತಿತ್ತು. ಹತ್ತರಲ್ಲಿ ಮೂರು ಸಲ ಹ್ಯಾಂಗ್ ಅಂದರೆ, ಯಾವುದೋ ಒಂದು ಕ್ಷಣದಲ್ಲಿ ನೋಡಿದರೆ ಮೂರನೇ ಒಂದು ಪಾಲು ಹೊತ್ತು ಆ ಲಾಕ್ ಯಾರದೋ ಕೈಯಲ್ಲಿದೆ ಅಂತ ಲೆಕ್ಕ. ಸ್ಪಿನ್‌ಲಾಕಿಗೆ ಅದು ತುಂಬಾ ಜಾಸ್ತಿ. ಪೋಸ್ಟ್ ನೋಟಿಫೈಯರ್ಸ್ ತೆಗೆದು ಒಂದಿಷ್ಟು ಡಂಪ್ ಮಾಡಿ, ಕ್ರ್ಯಾಶ್ ಟೂಲಿನಲ್ಲಿ ಬಿಟಿ -ಎ ಕೊಟ್ಟು ಎಲ್ಲ ಸಿಪಿಯು ನೋಡಿ. ಯಾರು ಹಿಡಿದಿದ್ದಾರೆ ಅಂತ ಅಲ್ಲೇ ಕಾಣುತ್ತದೆ.

ಮತ್ತೆ ಒಂದು ಸಲಹೆ, ನೋಟಿಫೈಯರೇ ಬೇಕಾ ಅಂತ ಯೋಚಿಸಿ. ಫರ್ಮ್‌ವೇರ್ ಲಾಗನ್ನು ಕಾರ್ಡೇ ಆಗಾಗ ಕರ್ನಲ್ ಮೆಮೊರಿಯ ಬಫರಿಗೆ ಹಾಕುವ ಹಾಗೆ ಮಾಡಿದರೆ, ಪ್ಯಾನಿಕ್ ಆದಾಗ ನೀವು ಏನೂ ಮಾಡಬೇಕಿಲ್ಲ. ಡಂಪನ್ನು ಚಿಕ್ಕದು ಮಾಡುವ ಮೇಕ್‌ಡಂಪ್‌ಫೈಲಿಗೆ -ಡಿ 31 ಕೊಟ್ಟರೂ ಹೋಗುವುದು ಸೊನ್ನೆ ಪುಟ, ಕ್ಯಾಶ್, ಯೂಸರ್ ಪುಟ, ಖಾಲಿ ಪುಟ. ಕರ್ನಲ್ ತನಗಾಗಿ ತೆಗೆದಿಟ್ಟುಕೊಂಡ ಬಫರ್ ಡಂಪಿನಲ್ಲೇ ಇರುತ್ತದೆ. ಆರಾಮಾಗಿ ಆಮೇಲೆ ತೆಗೆದುಕೊಳ್ಳಿ.

ಬೈಟುಕಾಫಿ:

ಸಿಕ್ಕಿತು. ಐದು ಡಂಪ್ ತೆಗೆದೆ, ಎರಡರಲ್ಲಿ ಒಂದೇ ಕಥೆ. ನಮ್ಮದೇ ವರ್ಕ್‌ಕ್ಯೂ ಫಂಕ್ಷನ್ ಸ್ಪಿನ್‌ಲಾಕ್ ಹಿಡಿದುಕೊಂಡು ಅದರೊಳಗೆ ಮೇಲ್‌ಬಾಕ್ಸ್ ಉತ್ತರಕ್ಕೆ ಯುಡಿಲೇ ಹಾಕಿ ಕಾಯುತ್ತಿದೆ. ಎರಡು ಮಿಲಿಸೆಕೆಂಡಿನವರೆಗೂ. ಗಿಟ್ ಬ್ಲೇಮ್ ಹಾಕಿ ನೋಡಿದೆ, ಬರೆದವನು ನಾನೇ, ಹೋದ ವರ್ಷ.

ಅದನ್ನು ಲಾಕಿನಿಂದ ಹೊರಗೆ ತಂದಿದ್ದೇನೆ. ನೋಟಿಫೈಯರ್ ತೆಗೆದುಹಾಕಿದೆ, ಬೂಟ್ ಆಯ್ಕೆಯೂ ಹೋಯಿತು. ಲಾಗ್ ಈಗ ಎರಡು ಬಫರಿಗೆ ಸರದಿಯಂತೆ ಬರುತ್ತದೆ, ಒಂದು ಅರ್ಧ ಬರೆದಿದ್ದರೂ ಇನ್ನೊಂದು ಪೂರ್ತಿ ಇರುತ್ತದೆ. ಲೋಡ್ ಇದ್ದಾಗ ಪ್ಯಾಕೆಟ್ ತಡವಾಗುತ್ತಿದೆ ಅಂತ ಮೂರು ತಿಂಗಳಿಂದ ಒಂದು ಕಂಪ್ಲೇಂಟ್ ತೆರೆದೇ ಇದೆ, ಅದಕ್ಕೂ ಇದೇ ಲಾಕ್ ಕಾರಣವಾ ಅಂತ ಸೋಮವಾರ ಅಳೆದು ನೋಡುತ್ತೇನೆ.